ಕೂಗಿ ಹೇಳಿದ ಥ್ಯಾಂಕ್ಸ್

ವಾಸಂತಿಯ ತೌರಿನಲ್ಲಿ ಮನೆಯವರಿಗೆ ಯಾರೂ ಥ್ಯಾಂಕ್ಸ್ ಹೇಳುತ್ತಿರಲಿಲ್ಲ. ಕೃಷ್ಣರಾಜನಗರದ ಆ ಮನೆಯಲ್ಲಿ ಅದು ಹೊರಗಿನವರಿಗೆ ಮೀಸಲಾದ ಮಾತು. ಡಾಕ್ಟರಿಗೆ ಹೇಳಬಹುದು, ಬಸ್ಸಿನಲ್ಲಿ ಎದ್ದು ಜಾಗ ಬಿಟ್ಟವರಿಗೆ ಹೇಳಬಹುದು. ಅಪ್ಪ ಹನುಮಂತಯ್ಯ ಊಟ ಮುಗಿಸಿ ಕೈ ತೊಳೆಯುವಾಗ ಸಾರಿಗೆ ಉಪ್ಪು ಒಂದು ಕಲ್ಲು ಕಡಿಮೆ ಎಂದರೆ ಅವತ್ತಿನ ಅಡುಗೆ ಚೆನ್ನಾಗಿತ್ತು ಎಂದು ತಿಳಿದುಕೊಳ್ಳಬೇಕು. ಏನೂ ಅನ್ನದೆ ಎದ್ದು ಹೋದರೆ ಬಹಳ ಚೆನ್ನಾಗಿತ್ತು ಎಂದು. ಅಮ್ಮ ಶಿವಲಿಂಗಮ್ಮ ಈ ಲೆಕ್ಕಾಚಾರದಲ್ಲೇ ಸಂಸಾರ ಮಾಡಿ ಮೂವರು ಮಕ್ಕಳನ್ನು ದೊಡ್ಡವರನ್ನಾಗಿ ಮಾಡಿದ್ದಳು. ನಮ್ಮವರಿಗೆ ನಾವು ಥ್ಯಾಂಕ್ಸ್ ಹೇಳಿದರೆ ಅವರನ್ನು ದೂರ ಇಟ್ಟ ಹಾಗೆ ಎನ್ನುವುದು ಅವಳ ನಂಬಿಕೆ. ವಾಸಂತಿ ಮದುವೆಯಾಗಿ ಚೆನ್ನೈಗೆ ಬಂದಾಗ, ಆಗಿನ್ನೂ ಅದು ಮದರಾಸು, ಬೆಳ್ಳಿಯ ದೀಪ, ಇಡ್ಲಿ ಪಾತ್ರೆಗಳ ಜೊತೆಗೆ ಈ ನಂಬಿಕೆಯನ್ನೂ ತಂದಿದ್ದಳು.

ಗಂಡ ಕಮಲಾಕರ ಪೆರಂಬೂರಿನ ರೈಲ್ವೆ ಕ್ವಾರ್ಟರ್ಸಿನಲ್ಲಿ ಹುಟ್ಟಿ ಬೆಳೆದವನು. ಅವನ ಅಪ್ಪನೂ ರೈಲ್ವೆಯವರೇ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು ಆಡಿ ಆಡಿ ಅವನ ಬಾಯಲ್ಲಿ ಎರಡೂ ಕಲೆತುಹೋಗಿದ್ದವು. ತಾಂಬರಂನಲ್ಲಿ ಲೋಕಲ್ ರೈಲುಗಳನ್ನು ರಿಪೇರಿ ಮಾಡುವ ಷೆಡ್ಡಿನಲ್ಲಿ ಅವನಿಗೆ ಕೆಲಸ. ಕೈಗೆ ಸ್ಕ್ರೂಡ್ರೈವರ್ ಸಿಕ್ಕಿದರೆ ಹಸಿವು ಮರೆಯುವ ಮನುಷ್ಯ. ಅವನದೊಂದು ಅಭ್ಯಾಸವಿತ್ತು. ಮನೆಗೆ ಏನಾದರೂ ಮಾಡಿದರೆ, ತಂದರೆ, ಪರೀಕ್ಷೆ ಬರೆದು ಬಂದ ಹುಡುಗನ ಹಾಗೆ ಸ್ವಲ್ಪ ದೂರ ನಿಂತು ಹೆಂಡತಿಯ ಮುಖ ನೋಡುತ್ತಿದ್ದ.

ಮದುವೆಯಾದ ಹೊಸದರಲ್ಲಿ ಒಂದು ಸಂಜೆ ಪಾಂಡಿ ಬಜಾರಿನಿಂದ ಮೊಳಗಟ್ಟಲೆ ಮಲ್ಲಿಗೆ ತಂದಿದ್ದ. ಶುಕ್ರವಾರ ಯಾಕೆ ತಂದ್ರಿ, ಶನಿವಾರವಾದರೆ ಅರ್ಧಕ್ಕೆ ಸಿಗುತ್ತಿತ್ತಲ್ಲ ಎಂದಳು ವಾಸಂತಿ. ಅವಳಿಗೆ ಸಂತೋಷವಾಗಿರಲಿಲ್ಲವೆಂದಲ್ಲ. ತಲೆತುಂಬ ಮುಡಿದುಕೊಂಡು ಕನ್ನಡಿಯ ಮುಂದೆ ಎರಡು ಸಲ ಹೋಗಿ ಬಂದಳು. ಆದರೆ ಕಮಲಾಕರ ಕೇಳಿಸಿಕೊಂಡದ್ದು ಬಾಯಿಂದ ಬಂದ ಮಾತನ್ನಷ್ಟೆ. ಹೀಗೆ ವರ್ಷಗಳು ಕಳೆದವು. ಅವನು ಮುಖ ನೋಡುವುದನ್ನು ಯಾವಾಗ ಬಿಟ್ಟನೋ ಅವಳಿಗೆ ಗೊತ್ತಾಗಲಿಲ್ಲ. ಮಗಳು ನೇಹಾ ಹುಟ್ಟಿದಳು, ಇಂಗ್ಲಿಷ್ ಶಾಲೆಗೆ ಸೇರಿದಳು, ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ತಮಿಳಿನಲ್ಲಿ ಉತ್ತರ ಕೊಡಲು ಕಲಿತಳು. ವಾಸಂತಿಗೆ ಕೋಟೆ ಸ್ಟೇಷನ್ ಹತ್ತಿರದ ವಿಮಾ ಕಚೇರಿಯಲ್ಲಿ ಕೆಲಸವಾಯಿತು. ವೆಸ್ಟ್ ಮಾಂಬಲಂನ ಒಂದು ಗಲ್ಲಿಯಲ್ಲಿ, ಲಿಫ್ಟ್ ಇಲ್ಲದ ಹಳೆಯ ಫ್ಲ್ಯಾಟಿನ ಮೂರನೇ ಮಹಡಿಯಲ್ಲಿ ಸಂಸಾರ ತನ್ನ ಪಾಡಿಗೆ ನಡೆದಿತ್ತು. ಜಗಳವಿರಲಿಲ್ಲ. ಹೇಳಿಕೊಳ್ಳುವಂಥ ಮಾತುಕತೆಯೂ ಇರಲಿಲ್ಲ.

ಎರಡು ಸಾವಿರದ ಮೂರನೇ ಇಸವಿಯ ಬೇಸಗೆಯಲ್ಲಿ ಆ ಬೀದಿಯ ಬೋರ್‌ವೆಲ್ಲುಗಳು ಒಂದೊಂದಾಗಿ ಗಾಳಿ ಕಕ್ಕತೊಡಗಿದವು. ಬೆಳಗಾಗುತ್ತಲೇ ನೀರಿನ ಲಾರಿ ಗಲ್ಲಿಯ ಮೂಲೆಗೆ ಬಂದು ನಿಲ್ಲುತ್ತಿತ್ತು. ಹಸಿರು, ಕೆಂಪು, ಹಳದಿ ಪ್ಲಾಸ್ಟಿಕ್ ಕೊಡಗಳು ಅದರ ಮುಂದೆ ಹಾವಿನ ಹಾಗೆ ಸಾಲುಗಟ್ಟುತ್ತಿದ್ದವು. ಹಿಡಿದ ನೀರನ್ನು ಮೂರು ಮಹಡಿ ಹತ್ತಿಸುವುದು ಒಂದು ಯುದ್ಧ. ಕಮಲಾಕರ ಅರ್ಧ ಹೊತ್ತರೆ ವಾಸಂತಿ ಅರ್ಧ ಹೊರುತ್ತಿದ್ದಳು. ಒಂದೆರಡು ವಾರದಲ್ಲಿ ಅವಳ ಸೊಂಟ ಹಿಡಿದುಕೊಂಡಿತು. ಆಫೀಸಿನಲ್ಲಿ ಕುರ್ಚಿಯಿಂದ ಏಳುವಾಗ ಮೇಜು ಹಿಡಿಯಬೇಕು. ಸ್ಟೇಷನ್ನಿನಲ್ಲಿ ರೈಲು ಬರುವ ತನಕ ಕಂಬಕ್ಕೆ ಒರಗಬೇಕು. ಅವಳು ಅದನ್ನು ಯಾರಿಗೂ ಹೇಳಿರಲಿಲ್ಲ. ಆದರೆ ಒಂದು ಬೆಳಗ್ಗೆ ಎರಡನೇ ಮಹಡಿಯ ತಿರುವಿನಲ್ಲಿ ಕೊಡ ಇಳಿಸಿ, ಕಣ್ಣು ಮುಚ್ಚಿ ಗೋಡೆಗೆ ಒರಗಿ ನಿಂತದ್ದನ್ನು ಕಮಲಾಕರ ನೋಡಿದ. ಆ ಕೊಡವನ್ನೂ ತಾನೇ ಎತ್ತಿಕೊಂಡು ಹೋದ.

ಆ ಶನಿವಾರ ಅವನು ಸೌಕಾರ್‌ಪೇಟೆ ಕಡೆಯ ಗಲ್ಲಿಗಳಲ್ಲಿ ಅಲೆದು ಒಂದು ಗಟ್ಟಿ ರಾಟೆ, ಉದ್ದದ ಹಗ್ಗ, ಕಬ್ಬಿಣದ ಕೊಕ್ಕೆ ತಂದ. ಭಾನುವಾರವೆಲ್ಲ ಬಿಸಿಲಿನಲ್ಲಿ ನಿಂತು ಗೋಡೆ ಕೊರೆದು, ತಮ್ಮ ಮನೆಯ ಮುಂದಿನ ವರಾಂಡದಿಂದ ಹೊರಕ್ಕೆ ಚಾಚಿದ ಹಾಗೆ ಒಂದು ಕಬ್ಬಿಣದ ತೋಳು ಕೂರಿಸಿದ. ಮರುದಿನ ಲಾರಿ ಬಂದಾಗ ಕೆಳಗೆ ತುಂಬಿದ ಕೊಡವನ್ನು ಕೊಕ್ಕೆಗೆ ಸಿಕ್ಕಿಸಿದರು. ಕಮಲಾಕರ ಮೇಲಿನಿಂದ ಎಳೆದ. ಹಳದಿ ಕೊಡ ತಿರುಗುತ್ತಾ ತಿರುಗುತ್ತಾ ಗಾಳಿಯಲ್ಲಿ ಮೇಲೇರಿ ವರಾಂಡಕ್ಕೆ ಬಂತು. ಬೀದಿಯಲ್ಲಿ ನಿಂತವರು ಚಪ್ಪಾಳೆ ತಟ್ಟಿದರು. ಅವನು ಎಷ್ಟೋ ವರ್ಷಗಳ ನಂತರ ವಾಸಂತಿಯ ಮುಖ ನೋಡಿದ.

"ಎರಡನೇ ಮಹಡಿಯವರು ಒಣಗಿಹಾಕಿದ ಬಟ್ಟೆ ಮೇಲೆಲ್ಲ ನೀರು ಚೆಲ್ತು ನೋಡ್ರಿ" ಎಂದಳು ವಾಸಂತಿ.

ನೀರು ಚೆಲ್ಲಿದ್ದು ನಿಜವೇ. ಕಮಲಾಕರ ಬಗ್ಗಿ ನೋಡಿ, ನಾಳೆಯಿಂದ ಕೊಡ ಪೂರ್ತಿ ತುಂಬಬೇಡಿ ಎಂದು ಕೆಳಗಿನವರಿಗೆ ಕೂಗಿ ಹೇಳಿ, ಮುಂದಿನ ಕೊಡಕ್ಕೆ ಹಗ್ಗ ಇಳಿಬಿಟ್ಟ.

ಪಕ್ಕದ ಮನೆಯ ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡುತ್ತಿದ್ದವರು ಜಾನಕಮ್ಮ. ಕೊಯಮತ್ತೂರು ಕಡೆಯ ಕನ್ನಡದವರು, ಎಪ್ಪತ್ತರ ಆಸುಪಾಸು. ಗಂಡ ಐತಪ್ಪ ಕಾಸರಗೋಡು ಸೀಮೆಯವರು, ರೈಲ್ವೆಯಲ್ಲಿ ಗಾರ್ಡ್ ಆಗಿ ನಿವೃತ್ತರಾದವರು. ಐತಪ್ಪನವರಿಗೆ ಕಿವಿ ಪೂರಾ ಮಂದ. ಹಾಗಾಗಿ ಜಾನಕಮ್ಮ ಗಂಡನಿಗೆ ಹೇಳುವುದೆಲ್ಲ ಇಡೀ ಕಟ್ಟಡಕ್ಕೆ ಕೇಳಿಸುತ್ತಿತ್ತು. ಬೆಳಗ್ಗೆ ಕಾಫಿ ಮಾಡುವವರು ಐತಪ್ಪ. ಅದಾದ ಹತ್ತು ನಿಮಿಷಕ್ಕೆ ಜಾನಕಮ್ಮನ ದನಿ ಗೋಡೆ ದಾಟಿ ಬರುತ್ತಿತ್ತು: ರೀ, ಕಾಫಿ ಭಾಳ ಚೆನ್ನಾಗಿತ್ತು, ಥ್ಯಾಂಕ್ಸ್. ಪೇಪರ್ ಓದಿ ಹೇಳಿದ್ದಕ್ಕೆ ಥ್ಯಾಂಕ್ಸ್. ಸೂಜಿಗೆ ದಾರ ಪೋಣಿಸಿಕೊಟ್ಟದ್ದಕ್ಕೆ ಥ್ಯಾಂಕ್ಸ್. ಈ ವಯಸ್ಸಿನಲ್ಲಿ ಇದೇನು ನಾಟಕವಪ್ಪಾ ಎಂದು ವಾಸಂತಿ ಒಗ್ಗರಣೆ ಹಾಕುತ್ತಾ ತನ್ನಷ್ಟಕ್ಕೆ ನಗುತ್ತಿದ್ದಳು.

ಆವತ್ತು ಕಮಲಾಕರ ಜಾನಕಮ್ಮನ ಮನೆಗೂ ಎರಡು ಕೊಡ ಏರಿಸಿಕೊಟ್ಟ. ಜಾನಕಮ್ಮ ಅವನ ಎರಡೂ ಕೈ ಹಿಡಿದುಕೊಂಡರು. ಹತ್ತು ದಿನದಿಂದ ತಾವಿಬ್ಬರೂ ಅರ್ಧ ಬಕೆಟ್ಟಿನಲ್ಲಿ ಸ್ನಾನ ಮುಗಿಸುತ್ತಿದ್ದದ್ದನ್ನು, ಇವತ್ತು ಐತಪ್ಪನವರು ತಲೆಗೆ ನೀರು ಹಾಕಿಕೊಳ್ಳಬಹುದು ಎನ್ನುವುದನ್ನು ಬಿಡಿಸಿ ಬಿಡಿಸಿ ಹೇಳಿದರು. ಕಮಲಾಕರ ಕಿವಿ ಕೆಂಪಾಗಿಸಿಕೊಂಡು ನಿಂತ. ಮನೆಯೊಳಗಿಂದ ಅದನ್ನು ನೋಡಿದ ವಾಸಂತಿಗೆ, ಈ ಮನುಷ್ಯನ ಮುಖ ಇಷ್ಟು ಅರಳುತ್ತದೆ ಎನ್ನುವುದೇ ಮರೆತುಹೋಗಿತ್ತಲ್ಲ ಅನ್ನಿಸಿತು.

ಅಲ್ಲಿಂದ ಕಮಲಾಕರ ಆ ಕಟ್ಟಡದ ಸ್ವತ್ತಾಗಿಬಿಟ್ಟ. ದಿನಾ ಕೆಲಸಕ್ಕೆ ಹೊರಡುವ ಮೊದಲು ಎಲ್ಲರ ಕೊಡಗಳನ್ನೂ ಎಳೆದು ಕೊಡುವುದು ಅವನ ಪಾಲಿಗೆ ಬಂತು. ಜಾನಕಮ್ಮನ ಫ್ಯಾನಿನ ರೆಗ್ಯುಲೇಟರ್ ಸರಿಮಾಡಿದ. ಮೊದಲ ಮಹಡಿಯವರ ಕೂಲರಿಗೆ ಹೊಸ ಪಂಪು ಹಾಕಿದ. ಅವರ ಮನೆಯಿಂದ ಪಾಯಸ ಬಂತು, ಇವರ ಮನೆಯಿಂದ ವಡೆ ಬಂತು. ಎಲ್ಲರೂ ಸಾರ್ ಸಾರ್ ಎನ್ನುವವರೇ. ಇತ್ತ ವಾಸಂತಿಯ ಮಿಕ್ಸಿ ಕೆಟ್ಟು ಮೂಲೆಯಲ್ಲಿ ಕೂತಿತ್ತು. ಅವಳು ಚಟ್ನಿಯನ್ನು ಕಲ್ಲಿನಲ್ಲಿ ಅರೆಯುತ್ತಿದ್ದಳು.

ಒಂದು ಭಾನುವಾರ ಮಧ್ಯಾಹ್ನ ಊಟಕ್ಕೆ ಕರೆಯಲು ಹೋದರೆ, ಕಮಲಾಕರ ಜಾನಕಮ್ಮನ ಮನೆಯಲ್ಲಿ ಚಕ್ಕಳಮಕ್ಕಳ ಹಾಕಿಕೊಂಡು ಕೂತು, ಸುತ್ತ ರೇಡಿಯೋದ ಬಿಡಿಭಾಗಗಳನ್ನು ಹರಡಿಕೊಂಡು, ಬೋಂಡ ತಿನ್ನುತ್ತಾ ಐತಪ್ಪನವರ ಜೊತೆ ನಗುತ್ತಿದ್ದ. ವಾಸಂತಿ ಹೊಸ್ತಿಲಿಂದಲೇ ವಾಪಸ್ಸು ಬಂದಳು. ಅವನು ಬಂದು ತಟ್ಟೆಯ ಮುಂದೆ ಕೂತ ಮೇಲೆ ಕೇಳಿದಳು.

"ಊರಿನವರ ಮನೆ ರೇಡಿಯೋ ಎಲ್ಲಾ ಕಣ್ಣಿಗೆ ಬೀಳುತ್ತೆ. ನಮ್ಮನೆ ಮಿಕ್ಸಿ ಬೀಳಲ್ವಾ?"

"ಬೀಳುತ್ತೆ."

"ಮತ್ತೆ?"

ಕಮಲಾಕರ ಅನ್ನ ಕಲಸುವುದನ್ನು ನಿಲ್ಲಿಸಿದ. ಅವನ ದನಿಯಲ್ಲಿ ಕೋಪವಿರಲಿಲ್ಲ. ಅದೇ ವಾಸಂತಿಗೆ ಹೆಚ್ಚು ನಾಟಿದ್ದು.

"ಮಾಡಿ ಕೊಟ್ರೆ ಸದ್ದು ಜಾಸ್ತಿ ಅಂತೀಯ. ಅಲ್ಲಿ ನಾನು ಮಾಡಿದ್ದು ಮಾಡಿದ ಹಾಗಿರುತ್ತೆ ವಾಸಂತಿ. ಇಲ್ಲಿ ಮಾಡಿದ್ರೂ ಮಾಡದ ಹಾಗೇ. ಶರಿ, ವಿಡು. ಸಾಯಂಕಾಲ ನೋಡ್ತೀನಿ."

ಮನೆಯವರಿಗೆಲ್ಲ ಥ್ಯಾಂಕ್ಸ್ ಹೇಳುತ್ತಾ ಕೂರಲು ಇದೇನು ಆಫೀಸಾ ಎಂದು ವಾಸಂತಿ ಸಿಡುಕಿದಳು. ಅವನು ಉಳಿದ ಅನ್ನ ಕಲಸಿ ಉಂಡ. ಸಂಜೆ ಹೇಳಿದ ಹಾಗೆ ಮಿಕ್ಸಿ ಬಿಚ್ಚಿ ಸರಿಮಾಡಿಟ್ಟ. ಇಟ್ಟು, ಅವಳ ಕಡೆ ನೋಡದೆ ಕೈ ತೊಳೆಯಲು ಹೋದ. ಅವಳು ಮಿಕ್ಸಿಯನ್ನು ಎತ್ತಿ ಅದರ ಜಾಗದಲ್ಲಿಟ್ಟಳು. ಒಳಗೆ ಮಾತ್ರ ಕುದಿಯುತ್ತಿತ್ತು. ಅತ್ತೆ ಪಾರ್ಶ್ವವಾಯು ಹೊಡೆದು ಹಾಸಿಗೆ ಹಿಡಿದಾಗ, ನೇಹಾ ಇನ್ನೂ ಅಂಬೆಗಾಲಿಡುವ ಕೂಸು. ಒಂದು ಕೈಯಲ್ಲಿ ಅದನ್ನು ಎತ್ತಿಕೊಂಡು ಇನ್ನೊಂದು ಕೈಯಲ್ಲಿ ಅತ್ತೆಗೆ ಗಂಜಿ ಕುಡಿಸಿದವಳು ತಾನು. ಒಂದೂವರೆ ವರ್ಷ ಅವರ ಮೈ ಒರೆಸಿ, ಬಟ್ಟೆ ಬದಲಿಸಿ, ಬೆನ್ನಿಗೆ ಹುಣ್ಣಾಗದ ಹಾಗೆ ಹೊರಳಿಸಿ ನೋಡಿಕೊಂಡವಳು ತಾನು. ತನಗೆ ಯಾರು ಬಂದು ಕೈ ಹಿಡಿದುಕೊಂಡು ಹೊಗಳಿದ್ದರು? ತಾನೇನು ಅದಕ್ಕೆ ಕಾದು ಕೂತಿದ್ದೆನೇ? ಹಾಗೆ ಕೇಳಿಕೊಂಡ ಮೇಲೆ, ಕಾದು ಕೂತಿದ್ದೆ ಎನ್ನುವ ಉತ್ತರವೇ ಒಳಗಿನಿಂದ ಬಂದದ್ದು ಕಂಡು ಅವಳಿಗೆ ಆಶ್ಚರ್ಯವಾಯಿತು.

ಮೂರು ನಾಲ್ಕು ದಿನ ಮನೆಯಲ್ಲಿ ಬೇಕಾದಷ್ಟೇ ಮಾತು. ಒಂದು ಸಂಜೆ ಬೇಗ ಬಂದ ವಾಸಂತಿ, ಕಾಫಿಪುಡಿ ಸಾಲ ಕೇಳುವ ನೆಪದಲ್ಲಿ ಜಾನಕಮ್ಮನ ಮನೆಗೆ ಹೋದಳು. ಐತಪ್ಪ ಬಾಲ್ಕನಿಯಲ್ಲಿ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ಅದೂ ಇದೂ ಮಾತಾಡಿ ಕೊನೆಗೆ ಅವಳು ಕೇಳಿಯೇಬಿಟ್ಟಳು: ಅಷ್ಟು ವರ್ಷ ಸಂಸಾರ ಮಾಡಿದ ಗಂಡನಿಗೆ ದಿನಾ ಹೀಗೆ ಹೇಳಲು ನಿಮಗೆ ಒಂಥರಾ ಆಗುವುದಿಲ್ಲವೇ?

ಜಾನಕಮ್ಮ ಬಾಯಿ ತುಂಬ ನಕ್ಕರು.

"ಇವ್ರಿಗೆ ಕಿವಿ ಹೋದ ಹೊಸದ್ರಲ್ಲಿ ದಿನಾ ಕೂಗ್ತಿದ್ದೆ ಕಣಮ್ಮ. ಮಾತ್ರೆ ತಿನ್ನಿ, ನಲ್ಲಿ ನಿಲ್ಸಿ, ಅದ್ಯಾಕೆ ಅಲ್ಲಿ ಇಟ್ರಿ. ಒಂದಿನ ಕೆಳಗಿನ ಮನೆ ಮಗು ಬಂದು, ಅಜ್ಜಿ, ತಾತ ಏನು ತಪ್ಪು ಮಾಡಿದ್ರು ಅಂತ ಕೇಳ್ತು."

ಆ ಮಗುವಿನ ಮಾತು ತಮ್ಮನ್ನು ತಿಂದುಹಾಕಿತು ಎಂದರು ಜಾನಕಮ್ಮ. ಕಿವಿ ಸರಿಯಿದ್ದ ಕಾಲದಲ್ಲೂ ಗಂಡನಿಗೆ ತಾವು ಅಂದದ್ದು ಇವೇ ಮಾತುಗಳನ್ನು. ಮೆಲ್ಲಗೆ ಅಂದಿದ್ದರಿಂದ ಊರಿಗೆ ಕೇಳಿಸಿರಲಿಲ್ಲ ಅಷ್ಟೆ. ಹೇಗಿದ್ದರೂ ಕೂಗುವುದು ತಪ್ಪುವುದಿಲ್ಲ, ಒಳ್ಳೆಯದನ್ನೂ ಕೂಗೋಣ ಎಂದು ಶುರುಮಾಡಿದರು. ಮೊದಲ ವಾರ ಬಾಯಿಗೆ ಹುಳಿ ಹುಳಿ. ಐತಪ್ಪನವರಂತೂ ಹೆಂಡತಿಗೆ ತಲೆ ಕೆಟ್ಟಿದೆ ಎಂದುಕೊಂಡರು. ಒಂದು ತಿಂಗಳ ಮೇಲೆ, ನಲವತ್ತು ವರ್ಷ ಅಡುಗೆಮನೆಗೆ ಕಾಲಿಡದ ಮನುಷ್ಯ ಎದ್ದು ಬಂದು ಕಾಫಿ ಸೋಸಲು ಕಲಿಸು ಎಂದು ನಿಂತರಂತೆ.

ಬರೀ ಬಾಯಿಮಾತಿಗೆ ಹೇಳಿದರೆ ಆಗುತ್ತದೆಯೇ ಎಂದು ವಾಸಂತಿ ಅನುಮಾನಿಸಿದಳು.

"ಬಾಯಿಮಾತಿಗೆ ಹೇಳ್ಬೇಡ. ನಿಂಗೆ ಏನು ಸುಖ ಆಯ್ತೋ ಅದನ್ನ ಹೇಳು. ಅದು ಅವ್ರಿಗೆ ಹೆಂಗೆ ಗೊತ್ತಾಗ್ಬೇಕು, ನೀನು ಹೇಳ್ದಿದ್ರೆ?"

ಅವತ್ತೇ ರಾತ್ರಿ ಊಟಕ್ಕೆ ಕೂತಾಗ ಕಮಲಾಕರ ನೀರಿನ ಜಗ್ಗನ್ನು ಅವಳ ಕಡೆ ಸರಿಸಿದ. ಇದೇ ಸಮಯವೆಂದು ವಾಸಂತಿ ಗಂಟಲು ಸರಿಮಾಡಿಕೊಂಡು ಥ್ಯಾಂಕ್ಸ್ ಎಂದಳು. ಅದು ಕಚೇರಿಯಲ್ಲಿ ಪಾಲಿಸಿ ಕಟ್ಟಲು ಬಂದವರಿಗೆ ಹೇಳುವ ದನಿಯಲ್ಲೇ ಬಂತು. ಕಮಲಾಕರ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಳಿಸಿ, ಊರಿಗೆ ಏನಾದರೂ ಹೋಗಬೇಕೇ ಎಂದು ಕೇಳಿದ. ನೇಹಾ ಅಪ್ಪನ ಕಡೆ ತಿರುಗಿ, "ಅಮ್ಮಾವುಕ್ಕು ಎನ್ನಾಚ್ಚು?" ಎಂದು, ಅಮ್ಮನಿಗೆ ಏನೋ ಆಗಿದೆ ಎನ್ನುವ ಹಾಗೆ ವಿಚಾರಿಸಿದಳು. ವಾಸಂತಿ ನಾಚಿಕೊಂಡು ಎದ್ದು ಒಳಗೆ ಹೋದಳು. ಮಾರನೆಯ ದಿನ ಅವನು ಅವಳ ಚಪ್ಪಲಿ ಹೊಲಿಸಿ ತಂದಾಗ ಇನ್ನೊಂದು ಸಲ ಪ್ರಯತ್ನಿಸಿದಳು. ಚೆನ್ನಾಗಿ ಹೊಲಿಸಿದ್ದೀರಿ ಎನ್ನಲು ಹೋಗಿ, ದಾರದ ಬಣ್ಣ ಬೇರೆ ಎನ್ನುವುದೂ ಬಾಲದ ಹಾಗೆ ಹಿಂದೆಯೇ ಬಂದುಬಿಟ್ಟಿತು. ಇದು ತನ್ನಿಂದ ಆಗುವ ಕೆಲಸವಲ್ಲ ಎಂದು ಅವಳು ಕೈಬಿಟ್ಟಳು.

ಗಂಡಹೆಂಡತಿ ಬೆಳಗ್ಗೆ ಒಟ್ಟಿಗೇ ಮಾಂಬಲಂ ಸ್ಟೇಷನ್ನಿಗೆ ನಡೆದು ಹೋಗುತ್ತಿದ್ದರು. ಅಲ್ಲಿಂದ ದಾರಿ ಬೇರೆ. ಅವಳು ಬೀಚ್ ಕಡೆಯ ರೈಲಿಗೆ, ಅವನು ತಾಂಬರಂ ಕಡೆಯದಕ್ಕೆ. ಮೇಲ್ಸೇತುವೆ ಇಳಿದು ನಿಂತರೆ ಹಳಿಗಳ ಆಚೆ ಈಚೆ ಎದುರುಬದುರು. ಆ ವಾರದ ಕೊನೆಗೆ ಒಂದು ಬೆಳಗ್ಗೆ ವಾಸಂತಿ ಹೀಗೆ ನಿಂತಿದ್ದಾಗ, ಎದುರಿನ ಪ್ಲಾಟ್‌ಫಾರಂನಲ್ಲಿ ಕಮಲಾಕರ ಊಟದ ಚೀಲವನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ತನ್ನ ಅಂಗೈಗಳನ್ನು ನೋಡಿಕೊಳ್ಳುತ್ತಿದ್ದದ್ದು ಕಂಡಿತು. ಆಮೇಲೆ ಕರವಸ್ತ್ರ ತೆಗೆದು ಒಂದು ಅಂಗೈಗೆ ಸುತ್ತಿಕೊಂಡ. ಹಗ್ಗ ಎಳೆದು ಎಳೆದು ಬೊಬ್ಬೆ ಬಂದಿರಬೇಕು. ಅವಳು ನೋಡಿರಲೇ ಇಲ್ಲ.

ಅಷ್ಟರಲ್ಲಿ ಇನ್ನೊಂದು ವಿಷಯ ಅವಳ ಗಮನಕ್ಕೆ ಬಂತು. ತಾನು ಕಂಬಕ್ಕೆ ಒರಗಿರಲಿಲ್ಲ. ಹೆಗಲಲ್ಲಿ ಚೀಲ, ಕೈಯಲ್ಲಿ ಕೊಡೆ, ಎರಡೂ ಕಾಲ ಮೇಲೆ ನೆಟ್ಟಗೆ ನಿಂತಿದ್ದಳು. ಸೊಂಟದ ನೋವು ಯಾವಾಗ ಹೋಯಿತು? ಯೋಚಿಸಿದರೆ ಎಷ್ಟೋ ವಾರವಾಗಿತ್ತು. ನೋವಿದ್ದಾಗ ಪ್ರತಿ ಗಳಿಗೆಯೂ ಅದರ ಜ್ಞಾನ. ಹೋದದ್ದು ಮಾತ್ರ ಗೊತ್ತೇ ಆಗಿರಲಿಲ್ಲ. ನೀರು ಹೊರುವುದು ನಿಂತಿತು, ನೋವೂ ನಿಂತಿತು. ಅವನು ಎರಡನೇ ಮಹಡಿಯ ತಿರುವಿನಲ್ಲಿ ತನ್ನನ್ನು ನೋಡಿದ್ದ. ನೋಡಿ, ಆ ಶನಿವಾರವೇ ಸೌಕಾರ್‌ಪೇಟೆಗೆ ಹೋಗಿದ್ದ. ಆ ರಾಟೆ ಕಟ್ಟಡಕ್ಕೆಂದು ಬಂದದ್ದಲ್ಲ, ತನ್ನ ಸೊಂಟಕ್ಕೆಂದು ಬಂದದ್ದು.

ಸಂಜೆಯವರೆಗೆ ಕಾದರೆ ಈ ಮಾತು ಮತ್ತೆ ಗಂಟಲಲ್ಲೇ ಕೂತುಬಿಡುತ್ತದೆ ಎಂದು ಅವಳಿಗೆ ಖಂಡಿತ ಗೊತ್ತಿತ್ತು. ಸುತ್ತ ಆಫೀಸಿಗೆ ಹೊರಟ ಜನ, ಹೂ ಮಾರುವವರು, ಮೈಕಿನಲ್ಲಿ ರೈಲಿನ ಪ್ರಕಟಣೆ. ಇಷ್ಟು ಜನರಲ್ಲಿ ಕನ್ನಡ ಯಾರಿಗೆ ತಿಳಿದೀತು ಎಂಬ ಧೈರ್ಯದ ಮೇಲೆ ಪ್ಲಾಟ್‌ಫಾರಂನ ಅಂಚಿಗೆ ಬಂದಳು.

"ರೀ."

ಅವನಿಗೆ ಕೇಳಿಸಲಿಲ್ಲ. ಅವಳು ಜಾನಕಮ್ಮನ ಶ್ರುತಿಗೆ ದನಿ ಏರಿಸಿದಳು.

"ರೀ, ನನ್ ಸೊಂಟ ನೋವು ಹೋಯ್ತು. ನೀವು ರಾಟೆ ಹಾಕಿದ್ದಕ್ಕೇ ಹೋಗಿದ್ದು. ನಾನು ಹೇಳೇ ಇರ್ಲಿಲ್ಲ. ತುಂಬಾ ಥ್ಯಾಂಕ್ಸ್ ಕಣ್ರೀ."

ಕಮಲಾಕರನ ಪಕ್ಕ ನಿಂತಿದ್ದ, ಬೆನ್ನಿಗೆ ಚೀಲ ಹಾಕಿಕೊಂಡಿದ್ದ ಯುವಕನೊಬ್ಬ ಅವನ ಭುಜ ತಟ್ಟಿ ಏನೋ ಹೇಳಿ ವಾಸಂತಿಯ ಕಡೆ ಕೈ ತೋರಿಸಿದ. ಕಮಲಾಕರ ತಲೆಯೆತ್ತಿದ. ಅವನಿಗೆ ಎಷ್ಟು ಕೇಳಿಸಿತೋ ಅವಳಿಗೆ ತಿಳಿಯಲಿಲ್ಲ. ಅವನು ಬಾಯಿ ಅರೆತೆರೆದು, ಕರವಸ್ತ್ರ ಸುತ್ತಿದ ಕೈಯನ್ನು ಮೇಲೆತ್ತಿದ. ಅಷ್ಟರಲ್ಲಿ ತಾಂಬರಂ ರೈಲು ಇಬ್ಬರ ನಡುವೆ ಬಂದು ನಿಂತಿತು. ಅದು ಹೊರಟುಹೋದಾಗ ಎದುರಿನ ಪ್ಲಾಟ್‌ಫಾರಂ ಬರಿದಾಗಿತ್ತು. ವಾಸಂತಿಯ ಪಕ್ಕದ ಹೆಂಗಸು ಏನಮ್ಮಾ, ಊಟದ ಡಬ್ಬಿ ಮರೆತು ಹೋದರೇ ಎಂದು ತಮಿಳಿನಲ್ಲಿ ಕನಿಕರದಿಂದ ಕೇಳಿದಳು. ಹೌದು ಎಂದುಬಿಟ್ಟಳು ವಾಸಂತಿ. ಆ ದಿನ ಆಫೀಸಿನಲ್ಲಿ ಅವಳು ಒಂದೇ ಅರ್ಜಿಗೆ ಎರಡು ಸಲ ಸೀಲು ಒತ್ತಿದಳು.

ಸಂಜೆ ಕಮಲಾಕರ ಎಂದಿಗಿಂತ ಬೇಗ ಬಂದ. ನೇಹಾ ಕೆಳಗೆ ಆಡಲು ಹೋಗಿದ್ದಳು. ಅವನು ಚಪ್ಪಲಿ ಬಿಟ್ಟು ನೇರವಾಗಿ ಅಡುಗೆಮನೆಗೆ ಬಂದು ಬಾಗಿಲಿಗೆ ಒರಗಿ ನಿಂತ. ಪಕ್ಕದಲ್ಲಿದ್ದ ಹುಡುಗ ಹಾಸನದವನಂತೆ, ಅವನಿಗೆ ಎಲ್ಲವೂ ಅರ್ಥವಾಗಿತ್ತಂತೆ. ತಾಂಬರಂ ತನಕವೂ ಪಕ್ಕದಲ್ಲೇ ಕೂತು, ಸಾರ್, ರಾಟೆ ಹೇಗೆ ಹಾಕಿದಿರಿ ಎಂದು ವಿಚಾರಿಸಿಕೊಂಡನಂತೆ. ವಾಸಂತಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಕ್ಕಳು. ನಗು ನಿಂತ ಮೇಲೆ ಅವನ ಕೈ ಹಿಡಿದು ಅಂಗೈ ತಿರುಗಿಸಿ ನೋಡಿ, ಕೊಬ್ಬರಿ ಎಣ್ಣೆ ತಂದು ಹಚ್ಚಿದಳು.

ಕಮಲಾಕರ ಅವಳನ್ನೂ ಕೂರಿಸಿಕೊಂಡು ಅಲ್ಲೇ ನೆಲದ ಮೇಲೆ ಕೂತ.

"ಬೆಳಿಗ್ಗೆಯಿಂದ ಒಂದೇ ಯೋಚನೆ. ನನಗೆ ಯಾರೂ ಹೇಳಲ್ಲ, ಹೇಳಲ್ಲ ಅಂತ ಮೂತಿ ಉಬ್ಬಿಸ್ಕೊಂಡು ತಿರುಗ್ತಿದ್ದೆ. ನಾನು ನಿಂಗೆ ಏನು ಹೇಳಿದೀನಿ?" ಎಂದ. ಆಮೇಲೆ ಎಣ್ಣೆಯ ಬಟ್ಟಲನ್ನೇ ನೋಡುತ್ತಾ, "ಅಮ್ಮನ ಬೆನ್ನಲ್ಲಿ ಒಂದು ಹುಣ್ಣು ಆಗ್ಲಿಲ್ಲ ವಾಸಂತಿ. ಡಾಕ್ಟ್ರು ಅವತ್ತೇ ನನ್ ಹತ್ರ ಹೇಳಿದ್ರು, ಇಷ್ಟು ದಿನ ಮಲಗಿದವರಿಗೆ ಹೀಗೆ ಇರೋದು ನಾವು ನೋಡೇ ಇಲ್ಲ, ನೋಡ್ಕೊಂಡವರ ಕೈಗುಣ ದೊಡ್ಡದು ಅಂತ. ಅಮ್ಮ ಹೋದ್ಮೇಲೆ ನಿಂಗೆ ಹೇಳ್ಬೇಕು ಅಂತಿದ್ದೆ. ಮನೆ ತುಂಬ ಜನ. ಆಮೇಲೆ ಹೇಳೋಣ, ಆಮೇಲೆ ಹೇಳೋಣ ಅಂತ ಹಂಗೇ ಉಳಿದುಹೋಯ್ತು" ಎಂದ.

ವಾಸಂತಿಯ ಕೈ ಅವನ ಅಂಗೈಯ ಮೇಲೆ ಹಾಗೇ ನಿಂತಿತು. ಈ ಮಾತು ತನಗೆ ಬೇಕಾಗಿತ್ತು ಎಂದು ಅವಳಿಗೆ ಗೊತ್ತಿತ್ತು, ಎಷ್ಟು ಬೇಕಾಗಿತ್ತು ಎಂದು ಗೊತ್ತಿರಲಿಲ್ಲ. ಕಣ್ಣೀರು ತಾನಾಗಿ ಇಳಿಯಿತು. ಅದು ದುಃಖದ್ದಲ್ಲ. ಬಿಗಿಯಾಗಿ ಕಟ್ಟಿಟ್ಟಿದ್ದ ಗಂಟೊಂದನ್ನು ಯಾರೋ ಮೆಲ್ಲಗೆ ಸಡಿಲಿಸಿದ ಹಾಗಿತ್ತು. ಆಟ ಮುಗಿಸಿ ಬಂದ ನೇಹಾ, ಅಪ್ಪ ಅಮ್ಮ ಕೈಗೆಲ್ಲ ಎಣ್ಣೆ ಮೆತ್ತಿಕೊಂಡು ಅಡುಗೆಮನೆಯ ನೆಲದ ಮೇಲೆ ಕೂತಿರುವುದನ್ನು ಕಂಡು, ಇವತ್ತು ತಿಂಡಿ ಇದೆಯೋ ಇಲ್ಲವೋ ಎಂದು ಕೇಳಿದಳು. ಕಮಲಾಕರ ಎದ್ದು ಉಪ್ಪಿಟ್ಟು ಮಾಡಿದ. ಗಂಟು ಗಂಟಾಗಿತ್ತು. ಗಂಟಿನ ಸುದ್ದಿಯನ್ನು ವಾಸಂತಿ ಬಾಯಿಯ ತುದಿಯ ತನಕ ತಂದು, ನುಂಗಿಕೊಂಡು, ಹಸಿದಿದ್ದೆ, ಹಿತವಾಯಿತು ಎಂದಳು. ಅದು ನಿಜವೂ ಆಗಿತ್ತು.

ಅಲ್ಲಿಂದ ಮುಂದೆ ಅವರು ಜಗಳವಾಡಲಿಲ್ಲವೆಂದರೆ ಸುಳ್ಳಾಗುತ್ತದೆ. ಜಗಳ ಹೆಚ್ಚೇ ಆಯಿತು, ಏಕೆಂದರೆ ಮಾತು ಹೆಚ್ಚಾಗಿತ್ತು. ಆದರೆ ಮುನಿಸು ಊಟದ ಹೊತ್ತನ್ನು ದಾಟುತ್ತಿರಲಿಲ್ಲ. ವಾಸಂತಿಗೆ ಹೊಗಳಿಕೆಯ ಹಿಂದೆ ಬಾಲ ಹಚ್ಚುವ ಅಭ್ಯಾಸ ಪೂರಾ ಹೋಗಲಿಲ್ಲ. ಕಮಲಾಕರ ಈಗ ಬಾಲವನ್ನು ಕೇಳಿ ನಗುತ್ತಿದ್ದ. ಅವನು ಅವಳ ಸೀರೆಗೆ ಇಸ್ತ್ರಿ ಹಾಕತೊಡಗಿದ. ಅವಳು ಅವನ ಜೊತೆ ಸಂಜೆ ಅಯೋಧ್ಯಾ ಮಂಟಪದ ತನಕ ಸುಮ್ಮನೆ ನಡೆದು ಬರತೊಡಗಿದಳು. ಹೊಸದಾಗಿ ಮದುವೆಯಾದವರ ಹಾಗೆ ತಿರುಗುತ್ತೀರಲ್ಲ ಎಂದು ಜಾನಕಮ್ಮ ಛೇಡಿಸಿದರೆ, ಆಗ ತಿರುಗಿರಲಿಲ್ಲ, ಈಗ ತಿರುಗುತ್ತಿದ್ದೇವೆ ಎಂದಳು ವಾಸಂತಿ.

ಅಕ್ಟೋಬರಿನಲ್ಲಿ ಆಯುಧಪೂಜೆ ಬಂತು. ತಾಂಬರಂ ಷೆಡ್ಡಿನಲ್ಲಿ ಅವತ್ತು ನೌಕರರ ಮನೆಯವರನ್ನೆಲ್ಲ ಕರೆಯುತ್ತಾರೆ. ಪ್ರತಿ ವರ್ಷವೂ ಕಮಲಾಕರ ಬರ್ತೀಯಾ ಎಂದು ಕೇಳುತ್ತಿದ್ದ. ಮನೆಯಲ್ಲೇ ಪೂಜೆ ಇದೆಯಲ್ಲ ಎಂದು ಅವಳು ತಪ್ಪಿಸಿಕೊಳ್ಳುತ್ತಿದ್ದಳು. ಈ ಸಲ ಅವನು ಕೇಳುವ ಮೊದಲೇ ರೇಷ್ಮೆ ಸೀರೆ ತೆಗೆದಿಟ್ಟಳು. ಬೆಳಗ್ಗೆ ಮಗಳ ಕೈ ಹಿಡಿದುಕೊಂಡು ಗಂಡನ ಜೊತೆ ಅವನ ಪ್ಲಾಟ್‌ಫಾರಂನಲ್ಲೇ ನಿಂತಳು. ಅಲ್ಲಿಂದ ನೋಡಿದರೆ ಸ್ಟೇಷನ್ ಬೇರೆಯದೇ ಎನ್ನುವ ಹಾಗೆ ಕಂಡಿತು.

ಷೆಡ್ಡಿನಲ್ಲಿ ರೈಲುಗಳು ಮಿಂದು, ಹಣೆಗೆ ಶ್ರೀಗಂಧ ಕುಂಕುಮ ಹಚ್ಚಿಸಿಕೊಂಡು, ಎರಡೂ ಬದಿಗೆ ಬಾಳೆಕಂಬ ಕಟ್ಟಿಸಿಕೊಂಡು ನಿಂತಿದ್ದವು. ದಿನಾ ತಾನು ನೂಕುನುಗ್ಗಲಿನಲ್ಲಿ ಹತ್ತುವ ರೈಲು ಹೀಗೂ ಇರುತ್ತದೆ ಎಂದು ಅವಳು ಅಂದುಕೊಂಡಿರಲಿಲ್ಲ. ಕಮಲಾಕರ ಒಂದು ಬೋಗಿಯ ಕೆಳಗಿನ ಮೋಟಾರು ತೋರಿಸಿ, ಇದನ್ನು ಬಿಚ್ಚಿ ಜೋಡಿಸುವುದು ನಾವೇ ಎಂದ. ಇಷ್ಟು ವರ್ಷ ತಾನು ದಾರಿಯಲ್ಲಿ ಸಿಕ್ಕಿಬೀಳದೆ ಆಫೀಸು ಮುಟ್ಟಿದ್ದರಲ್ಲಿ ಈ ಕೈಯ ಪಾಲೂ ಇದೆ ಎಂದು ಹೊಳೆದು, ಅವಳು ಅದನ್ನು ಹಾಗೆಯೇ, ಅಲ್ಲೇ ಹೇಳಿದಳು. ಈ ಸಲ ಬಾಲ ಬರಲಿಲ್ಲ. ಕಮಲಾಕರನ ಕಿವಿ ಕೆಂಪಾಯಿತು.

ಅಷ್ಟರಲ್ಲಿ ಗದಗ ಕಡೆಯ ಒಬ್ಬ ಸಹೋದ್ಯೋಗಿ, ಅಂದಾನಿ ಎಂಬುವನು, ಕಡಲೆ ಪುರಿ, ಸಿಹಿಯ ಪೊಟ್ಟಣ ಹಿಡಿದು ಬಂದು ದೊಡ್ಡದಾಗಿ ಕೈಮುಗಿದ.

"ವೈನೀ, ನಿಮ್ಮನ್ನ ಇವತ್ತ ನೋಡಾಕತ್ತೀವಿ ಖರೆ, ನಿಮ್ಮ ಪುಳಿಯೋಗರಿ ನಮಗ ಹತ್ತು ವರ್ಷದ ಪರಿಚಯ. ನಮ್ಮ ಮನ್ಯಾಕೀದು ಕೈ ಅಂದ್ರ ಕೈ ಅಂತ ಡಬ್ಬಿ ತಗದಾಗೊಮ್ಮೆ ಹೇಳೇ ತಿನ್ನೋದು ಈ ಮನಷಾ. ಕೇಳಿ ಕೇಳಿ ನಮಗ ಸಾಕಾಗೇತಿ."

ವಾಸಂತಿ ಗಂಡನ ಕಡೆ ತಿರುಗಿದಳು. ಕಮಲಾಕರ ಬಾಳೆಕಂಬದ ಎಲೆಯನ್ನು ಬಹಳ ಆಸಕ್ತಿಯಿಂದ ಪರೀಕ್ಷಿಸುತ್ತಿದ್ದ. ಷೆಡ್ಡಿಗೆಲ್ಲ ಹೇಳಿದವರಿಗೆ ಮನೆಯಲ್ಲಿ ಹೇಳಲು ಏನಾಗಿತ್ತು ಎಂದು ಅವಳು ಕೇಳಿದಳು. ಅವನು ಸುತ್ತ ನೋಡಿ, ತಲೆ ಕೆರೆದುಕೊಂಡು, ತಮಿಳು ಕನ್ನಡ ಎರಡನ್ನೂ ಹುಡುಕಿ, ಯಾವುದರಲ್ಲೂ ಉತ್ತರ ಸಿಗದೆ ಅಂದಾನಿ ತಂದ ಪೊಟ್ಟಣ ಬಿಚ್ಚಿ ಒಂದು ತುಂಡು ಸಿಹಿಯನ್ನು ಅವಳ ಬಾಯಿಗಿಟ್ಟ. ಅಂದಾನಿ ಬೇರೆ ಕಡೆ ನೋಡುವವನ ಹಾಗೆ ನಟಿಸಿದ. ನೇಹಾ ಮಾತ್ರ ನೇರವಾಗಿ ನೋಡುತ್ತಾ, ತನಗೆಲ್ಲಿ ಎಂದು ಅಪ್ಪನ ಅಂಗಿ ಎಳೆದಳು.